ಜೆವಾಲಿನ್ ಆದ್ಮೇಲೆ ಮೊಮ್ಮಗುವನ್ನು ಎತ್ತಿಕೊಳ್ಳಬಹುದಾ?

ಲಿಂಫೋಮಾಗೆ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಜೆವಾಲಿನ್ ಅನ್ನುವ ವಿಕಿರಣ ಔಷಧಿ ತಗೊಂಡ ಮೇಲೆ ಅಪ್ಪ ಮೊಮ್ಮಗುವನ್ನು ಎತ್ತಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಥೈರಾಯ್ಡ್ ಕ್ಯಾನ್ಸರಿಗೆ ಕೊಡುವ ಅಯೋಡಿನ್-131 ನೆನಪಾಗಿ ಹೆದರಿದ್ದೀರಿ, ಅಲ್ವಾ? ಅದರ ಗಾಮಾ ಕಿರಣ ಮೈಯಿಂದ ಹೊರಗೆ ಬರುತ್ತದೆ, ಅದಕ್ಕೇ ಬೇರೆ ರೂಮು. ಜೆವಾಲಿನ್‌ನಲ್ಲಿರುವುದು ಇಟ್ರಿಯಂ-90 ಅನ್ನುವ ಬೇರೆ ವಿಕಿರಣ ವಸ್ತು. ಮೇಲ್ಮೈಯಲ್ಲಿ ಸಿಡಿ20 ಅನ್ನುವ ಪ್ರೋಟೀನ್ ಇರುವ ಬಿ-ಕೋಶಗಳನ್ನು (ಒಂದು ಬಗೆಯ ಬಿಳಿ ರಕ್ತಕಣ) ಹುಡುಕಿ ಅಂಟಿಕೊಳ್ಳುವ ಪ್ರತಿಕಾಯದ ಬೆನ್ನೇರಿ ಹೋಗುತ್ತದೆ. ಇದರ ಬೀಟಾ ಕಣಗಳು ಮೈಯೊಳಗೆ ಕೆಲವೇ ಮಿಲಿಮೀಟರ್ ದಾಟುತ್ತವೆ. ವಿಕಿರಣವೂ 64 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಎತ್ತಿಕೊಳ್ಳಲು ಸಾಮಾನ್ಯವಾಗಿ ತೊಂದರೆಯಿಲ್ಲ. ಮೊದಲ ಕೆಲವು ದಿನ ರಕ್ತ, ಮೂತ್ರ ಯಾರಿಗೂ ತಾಗದಿರಲಿ, ಟಾಯ್ಲೆಟ್ಟಿಗೆ ಹೋಗಿ ಬಂದು ಸೋಪು ಹಾಕಿ ಕೈ ತೊಳೆಯಲಿ. ಉಳಿದದ್ದು ನಿಮ್ಮ ಡಾಕ್ಟರು ಹೇಳಿದ ಹಾಗೆ.

ನನ್ನ ಕೇಳಿದರೆ ಜಾಸ್ತಿ ಗಮನ ಬೇಕಿರುವುದು ರಕ್ತಪರೀಕ್ಷೆ ಕಡೆ. ಪ್ಲೇಟ್‌ಲೆಟ್, ಬಿಳಿ ರಕ್ತಕಣ ತಕ್ಷಣ ಕುಸಿಯುವುದಿಲ್ಲ, 7–9 ವಾರಕ್ಕೆ ತಳ ಮುಟ್ಟುತ್ತವೆ. ಆ ಹೊತ್ತಿನಲ್ಲಿ ಮಗುವಿಗೆ ನೆಗಡಿಯಾದರೆ, ಮಗುವನ್ನೇ ಅಜ್ಜನಿಂದ ದೂರ ಇಡಿ.