ಎಲ್ಲಾ ಮೂವ್‌ಗೂ 0.00 ಬಂದ್ರೆ ಯಾವ್ದನ್ನ ಆಡೋದು?

ಪ್ರಶ್ನೆ: ಸರ್, ನನ್ನ ಚೆಸ್ ಗೇಮ್‌ನ ಸ್ಟಾಕ್‌ಫಿಶ್ ಅನ್ನೋ ಎಂಜಿನ್‌ಗೆ (ಮೂವ್‌ಗಳನ್ನ ಲೆಕ್ಕ ಹಾಕಿ ಸ್ಕೋರ್ ಕೊಡೋ ಪ್ರೋಗ್ರಾಂ) ಹಾಕಿ ನೋಡ್ದೆ. ಎಂಡ್‌ಗೇಮ್‌ನಲ್ಲಿ ಐದು ಮೂವ್‌ಗೂ 0.00 ಅಂತಾನೇ ಬರುತ್ತೆ, ಆದ್ರೂ ಒಂದನ್ನ ಮೇಲೆ ತೋರಿಸುತ್ತೆ. ಅದೇ ಬೆಸ್ಟ್ ಅಂದ್ಕೋಬಹುದಾ?

ಉತ್ತರ: ಬೇಡ, ಹಾಗಂದ್ಕೋಬೇಡಿ. 0.00 ಅಂದ್ರೆ ಇಬ್ರೂ ತಪ್ಪಿಲ್ಲದೆ ಆಡಿದ್ರೆ ಡ್ರಾ ಅಂತ ಅಷ್ಟೇ, ಆ ಡ್ರಾ ಉಳಿಸ್ಕೊಳ್ಳೋಕೆ ಎದುರಾಳಿ ಎಷ್ಟು ಒದ್ದಾಡಬೇಕು ಅನ್ನೋದು ಆ ನಂಬರ್‌ನಲ್ಲಿ ಇರೋದೇ ಇಲ್ಲ. ಎಂಜಿನ್ ಹುಡುಕ್ತಾ ಹೋಗುವಾಗ ಹೊಸ ಮೂವ್ ಮೇಲಕ್ಕೆ ಬರ್ಬೇಕಂದ್ರೆ ಈಗಾಗ್ಲೇ ಸಿಕ್ಕಿರೋ ಸ್ಕೋರ್‌ಗಿಂತ ಜಾಸ್ತಿ ಬರ್ಬೇಕು, ಸಮ ಬಂದ್ರೆ ಸಾಲಲ್ಲ, ಹಾಗಾಗಿ ಎಲ್ಲಾ ಸೊನ್ನೆ ಆದಾಗ ಮೊದಲು ನೋಡಿದ್ದೇ ಮೇಲೆ ಕೂತ್ಬಿಡುತ್ತೆ. ಇದ್ರ ಜೊತೆಗೆ ಸ್ಟಾಕ್‌ಫಿಶ್ ಡ್ರಾ ಸ್ಕೋರ್‌ನ ಬೇಕಂತಲೇ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಮಾಡುತ್ತೆ, ರಿಪೀಟ್ ಆಗೋ ಲೈನ್‌ಗಳಲ್ಲೇ (ಮೂವ್‌ಗಳ ಸರಣಿಗಳಲ್ಲೇ) ಸಿಕ್ಕಾಕ್ಕೊಂಡು ಬೇರೆ ದಾರಿ ಕಾಣದೆ ಹೋಗ್ಬಾರ್ದು ಅಂತ.

ಬೋರ್ಡ್ ಇಟ್ಕೊಂಡು ನೋಡಿ. ಬಿಳಿ ರಾಜ ಇ5, ಬಿಳಿ ಪಾನ್ (ಕಾಲಾಳು) ಇ6, ಕಪ್ಪು ರಾಜ ಇ7, ಆಟ ಬಿಳಿದು. ಇರೋದೇ ಐದು ಮೂವ್, ಐದೂ ಡ್ರಾ. ರಾಜನ್ನ ಡಿ4ಗೆ ಇಟ್ರೆ ಕಪ್ಪು ಪಾನ್ ಹೊಡೆದು ಆಟ ಅಲ್ಲಿಗೇ ಮುಗೀತು. ಅದೇ ಡಿ5ಗೆ ಇಡಿ: ಕಪ್ಪಿಗೆ ಡಿ8, ಇ8, ಎಫ್8, ಎಫ್6 ಅಂತ ನಾಲ್ಕು ಜಾಗ, ಅದ್ರಲ್ಲಿ ಇ8 ಒಂದೇ ಡ್ರಾ, ಉಳಿದ ಮೂರೂ ಸೋಲು. ಸರಿಯಾಗಿ ಇ8ಗೆ ಹೋದ್ರೂ ನೀವು ಡಿ6ಗೆ ಬನ್ನಿ, ಈಗ ಡಿ8 ಇಲ್ಲಾ ಎಫ್8, ಎಫ್8ಗೆ ಹೋದ್ರೆ ಮತ್ತೆ ಸೋತ. ಡಿ4ಗೂ ಡಿ5ಗೂ ಇಷ್ಟು ವ್ಯತ್ಯಾಸ, ಸ್ಕೋರ್ ಮಾತ್ರ ಎರಡಕ್ಕೂ ಅದೇ ಸೊನ್ನೆ!

ಟೇಬಲ್‌ಬೇಸ್, ಅಂದ್ರೆ ಕೆಲವೇ ಕಾಯಿ ಉಳಿದಿರೋ ಪೊಸಿಷನ್‌ಗಳ ಫಲಿತಾಂಶನ ಮೊದಲೇ ಲೆಕ್ಕ ಹಾಕಿಟ್ಟಿರೋ ಪಟ್ಟಿ, ಇದ್ರೆ? ಸಿಝಿಜಿ ಟೇಬಲ್‌ಬೇಸ್ 2018ರಿಂದ 7 ಕಾಯಿವರೆಗೂ ಇದೆ, ಆದ್ರೆ ಅದು ಹೇಳೋದು ಗೆಲುವಾ ಸೋಲಾ ಡ್ರಾನಾ ಅಂತ, ಡ್ರಾಗಳಲ್ಲೇ ಯಾವ್ದು ಎದುರಾಳಿಗೆ ಜಾಸ್ತಿ ಕಷ್ಟ ಅಂತ ಹೇಳಲ್ಲ. ಸ್ಟಾಕ್‌ಫಿಶ್ ಇಲ್ಲಿ ಜಾಣತನ ಮಾಡುತ್ತೆ, ನನಗೆ ತುಂಬಾ ಇಷ್ಟವಾದ ವಿಷ್ಯ ಇದು: ಬೋರ್ಡ್ ಮೇಲಿರೋ ಪೊಸಿಷನ್ ಡ್ರಾ ಅಂತ ಗೊತ್ತಾದ್ರೆ ಸೋಲೋ ಮೂವ್‌ಗಳನ್ನ ತೆಗೆದುಹಾಕಿ, ಆಮೇಲೆ ಟೇಬಲ್‌ಬೇಸ್ ಕೇಳೋದನ್ನೇ ನಿಲ್ಲಿಸಿ ತನ್ನ ಮಾಮೂಲಿ ಲೆಕ್ಕದಲ್ಲೇ ಹುಡುಕುತ್ತೆ, ಹುಡುಕೋ ಪ್ರತಿ ಲೈನ್‌ನಲ್ಲೂ ಟೇಬಲ್‌ಬೇಸ್‌ನಿಂದ ಡ್ರಾ ಅಂತಾನೇ ಉತ್ತರ ಬಂದ್ರೆ ಪಾನ್ ಉಳಿಸೋಕೂ ಕಾರಣ ಇರಲ್ಲ ನೋಡಿ. ಆದಷ್ಟು ಡ್ರಾ ತಪ್ಪಿಸಿ ಆಡು ಅಂತ ಎಂಜಿನ್‌ಗೆ ಹೇಳೋಕೆ ಹಿಂದೆ ಇದ್ದ ಕಂಟೆಂಪ್ಟ್ ಸೆಟ್ಟಿಂಗ್‌ನ 2021ರಲ್ಲಿ ತೆಗೆದ್ರು, ಅದಿದ್ದಿದ್ರೂ ಖಚಿತವಾದ ಎರಡು ಡ್ರಾ ಮಧ್ಯೆ ಆರಿಸೋಕೆ ಉಪಯೋಗಕ್ಕೆ ಬರ್ತಿರಲಿಲ್ಲ.

ಹಾಗಾಗಿ ನೀವೇ ಹೀಗೆ ಮಾಡಿ. ಒಂದೊಂದೇ ಮೂವ್ ಆಡಿಸಿ, ಎಂಜಿನ್‌ನಲ್ಲಿ ಲೈನ್‌ಗಳ ಸಂಖ್ಯೆ ಜಾಸ್ತಿ ಮಾಡಿ, ಎದುರಾಳಿಯ ಉತ್ತರಗಳಲ್ಲಿ ಎಷ್ಟಕ್ಕೆ ಸೊನ್ನೆ ಉಳಿಯುತ್ತೆ ಅಂತ ಎಣಿಸಿ. ಒಂದೇ ಒಂದು ಉಳೀತು, ಅದೂ ಹಿಂದಕ್ಕೆ ಹೋಗೋ ಥರದ ಮನಸ್ಸಿಗೆ ಸುಲಭಕ್ಕೆ ಹೊಳೆಯದ ಮೂವ್ ಅಂದ್ರೆ, ಅಲ್ಲೇ ಕೂತು ಒತ್ತಡ ಹಾಕಿ.