ಆ್ಯಪ್‌ನಲ್ಲಿ ಅರವತ್ತು, ನೆಲದ ಮೇಲೆ ಆರು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸ್ಕೀ ಮಾಡುವವರದ್ದೇ. ಚಳಿಗಾಲ ಶುರುವಾಯಿತೆಂದರೆ ಈ ಜನ ಮಲಗುವ ಮುಂಚೆ ಒಂದು ಸಲ, ನಡುರಾತ್ರಿ ಎಚ್ಚರವಾದರೆ ಇನ್ನೊಂದು ಸಲ ಮೊಬೈಲ್ ತೆಗೆದು ಎಲ್ಲಿ ಎಷ್ಟು ಹಿಮ ಬೀಳುತ್ತದೆ ಅಂತ ನೋಡುತ್ತಾರೆ. ನಾನೂ ಅದೇ ಗುಂಪಿನವನು, ಹಾಗಾಗಿ ನಗುವ ಹಕ್ಕು ನನಗಿಲ್ಲ.

ಪ್ರಶ್ನೆ: ಹತ್ತು ದಿನ ಮುಂಚೆ ಆ್ಯಪ್ 60 ಸೆಂಟಿಮೀಟರ್ ಹಿಮ ಅಂತ ತೋರಿಸಿತು. ರಜೆ ಹಾಕಿದೆ, ರೂಮು ಬುಕ್ ಮಾಡಿದೆ, ಟೈರಿಗೆ ಚೈನೂ ತಂದೆ. ಬಿದ್ದದ್ದು 6 ಸೆಂಟಿಮೀಟರ್. ಇವರ ಮಾತು ನಂಬುವುದು ಹೇಗೆ?

ಉತ್ತರ: ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಿರಿ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಹೊಲಿಸಿದ್ದೇನೆ, ಒಂದೆರಡಲ್ಲ.

ಆ 60 ಎಲ್ಲಿಂದ ಬಂತು ನೋಡಿ. ಇಡೀ ಜಗತ್ತಿನ ಹವಾಮಾನ ಲೆಕ್ಕ ಹಾಕುವ ದೊಡ್ಡ ಕಂಪ್ಯೂಟರ್ ಮಾಡೆಲ್‌ಗಳು ಕೆಲವೇ. ಅಮೆರಿಕದ್ದು ಜಿಎಫ್‌ಎಸ್. ಯುರೋಪಿನದ್ದು ಇಸಿಎಂಡಬ್ಲ್ಯುಎಫ್ ಅನ್ನುವ ಕೇಂದ್ರದ್ದು, ಸ್ಕೀ ಜನ ಅದನ್ನು ಸುಮ್ನೆ ‘ಯೂರೋ’ ಅನ್ನುತ್ತಾರೆ. ಜಿಎಫ್‌ಎಸ್ ದಿನಕ್ಕೆ ನಾಲ್ಕು ಸಲ ಹೊಸದಾಗಿ ಲೆಕ್ಕ ಹಾಕಿ 16 ದಿನ ಮುಂದಿನವರೆಗೂ ಹೇಳಿಬಿಡುತ್ತದೆ. ಎಷ್ಟೋ ಆ್ಯಪ್‌ಗಳು ಇಂಥ ಒಂದು ಲೆಕ್ಕದ ಒಂದು ಅಂಕಿಯನ್ನು ಎತ್ತಿ ನಿಮ್ಮ ಮುಂದಿಡುತ್ತವೆ. ಆದರೆ ಹತ್ತು ದಿನ ಮುಂಚೆ ಆ ಬಿರುಗಾಳಿ ಹುಟ್ಟಿಯೇ ಇರುವುದಿಲ್ಲ. ಎಲ್ಲೋ ಸಮುದ್ರದ ಮೇಲೆ, ಅಳೆಯುವ ಉಪಕರಣ ಕಡಿಮೆ ಇರುವ ಕಡೆ, ಮೇಲಿನ ಗಾಳಿ ಒಂದಿಷ್ಟು ಬಾಗಿರುತ್ತದೆ ಅಷ್ಟೆ. ಆ ಆರಂಭದ ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಸಾಕು, ದಿನದಿಂದ ದಿನಕ್ಕೆ ಅದು ಬೆಳೆದು, ಕೊನೆಗೆ ಬಿರುಗಾಳಿ ನಿಮ್ಮ ಬೆಟ್ಟ ಬಿಟ್ಟು ಇನ್ನೂರು ಕಿಲೋಮೀಟರ್ ಆಚೆಯ ಬೆಟ್ಟಕ್ಕೆ ಹೋಗಿಬಿಡುತ್ತದೆ.

ಅದಕ್ಕೇ 1992ರಿಂದ ಈ ಎರಡೂ ಕಡೆಯವರು ಆರಂಭದ ಅಳತೆಯನ್ನು ಚೂರು ಚೂರು ಬದಲಿಸಿ ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಾರೆ. ಎನ್‌ಸೆಂಬಲ್ ಅಂತ ಅದರ ಹೆಸರು. ಯೂರೋದಲ್ಲಿ ಹೀಗೆ ಬದಲಿಸಿ ಮಾಡಿದ 50 ಲೆಕ್ಕಗಳಿರುತ್ತವೆ. ನೋಡಬೇಕಾದ್ದು ಇದನ್ನು. ಒಂದೊಂದು ಲೆಕ್ಕಕ್ಕೆ ಒಂದೊಂದು ಗೆರೆ ಎಳೆದ ಚಿತ್ರ ಸಿಗುತ್ತದೆ. ಏಳೆಂಟು ದಿನ ಮುಂಚೆ ಆ ಗೆರೆಗಳು ಕೆದರಿದ ಕೂದಲಿನಂತಿರುತ್ತವೆ, ಒಂದು 5 ಸೆಂಟಿಮೀಟರ್ ಅನ್ನುತ್ತದೆ, ಇನ್ನೊಂದು 70. ಮೂರು ದಿನ ಉಳಿದಾಗ ಸಾಮಾನ್ಯವಾಗಿ ಜಡೆ ಹೆಣೆದ ಹಾಗೆ ಒಟ್ಟಿಗೆ ಬರುತ್ತವೆ. ಬರಲಿಲ್ಲ ಅಂದರೆ ಹವಾಮಾನದವರಿಗೂ ಗೊತ್ತಿಲ್ಲ ಅಂತಲೇ ಅರ್ಥ.

ನಾನು ಮಾಡುವುದು ಹೀಗೆ. ಹತ್ತು ದಿನ ಇರುವಾಗ ‘ಏನೋ ಬರಬಹುದು’ ಅಂತ ನೋಡಿ ಮೊಬೈಲ್ ಕೆಳಗಿಡುತ್ತೇನೆ. ಐದು ದಿನ ಇರುವಾಗ, ಬೇಡ ಅಂದರೆ ದುಡ್ಡು ವಾಪಸ್ ಕೊಡುವ ರೂಮು ಮಾತ್ರ ಹಿಡಿಯುತ್ತೇನೆ. ರಜೆ ಕೇಳುವುದು ಮೂರು ದಿನ ಇರುವಾಗ, ಅದೂ ಯೂರೋ ಮತ್ತು ಜಿಎಫ್‌ಎಸ್ ಎರಡೂ ಹೆಚ್ಚುಕಡಿಮೆ ಒಂದೇ ಮಾತು ಆಡುತ್ತಿದ್ದರೆ.

ಪ್ರಶ್ನೆ: ಒಂದೇ ವಾರದಲ್ಲಿ ಎರಡು ಸಲ 20 ಸೆಂಟಿಮೀಟರ್ ಬಿತ್ತು. ಸೋಮವಾರ ಹತ್ತಿಯ ಮೇಲೆ ತೇಲಿದ ಹಾಗಿತ್ತು. ಶುಕ್ರವಾರ ಕೆಸರಿನಲ್ಲಿ ಕಾಲು ಸಿಕ್ಕಿಕೊಂಡ ಹಾಗೆ. ಅಷ್ಟೇ ಹಿಮ ಅಲ್ವಾ?

ಉತ್ತರ: ಎತ್ತರ ಅಷ್ಟೇ, ನೀರು ಅಷ್ಟಲ್ಲ. 1 ಸೆಂಟಿಮೀಟರ್ ನೀರಿಗೆ 10 ಸೆಂಟಿಮೀಟರ್ ಹಿಮ ಅನ್ನುವುದು ಸಾಮಾನ್ಯ ಲೆಕ್ಕ. ಒಣ ಚಳಿಯಲ್ಲಿ ಅದೇ ನೀರು 15, 20 ಸೆಂಟಿಮೀಟರ್ ಆಗುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಐದಾರೇ ಆಗಬಹುದು. ನಿಮ್ಮ ಶುಕ್ರವಾರದ ಹಿಮದಲ್ಲಿ ಸೋಮವಾರದ್ದರ ಎರಡು ಮೂರು ಪಟ್ಟು ನೀರಿದ್ದಿರಬೇಕು.

ಮೋಡದೊಳಗೆ ಮೈನಸ್ 12ರಿಂದ ಮೈನಸ್ 18 ಡಿಗ್ರಿ ಇರುವ ಪದರದಲ್ಲಿ ಆರು ತೋಳಿನ, ಜರಿಯಂಥ ಹರಳುಗಳು ಚೆನ್ನಾಗಿ ಬೆಳೆಯುತ್ತವೆ. ಕರಿ ಜಾಕೆಟ್ ಹಾಕಿಕೊಂಡು ಹೊರಗೆ ನಿಂತು ತೋಳಿನ ಮೇಲೆ ಬಿದ್ದದ್ದನ್ನು ನೋಡಿ, ಬರಿಗಣ್ಣಿಗೇ ಕಾಣುತ್ತವೆ. ಆ ತೋಳುಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಕೂತು ನಡುವೆ ಗಾಳಿ ಹಿಡಿದಿಡುತ್ತವೆ, ನೀವು ತೇಲುವುದು ಆ ಗಾಳಿಯಿಂದ. ಜೋರು ಗಾಳಿ ಬೀಸಿದರೆ ತೋಳುಗಳು ಮುರಿದು ಪುಡಿಯಾಗಿ ಒತ್ತಾಗಿ ಕೂರುತ್ತವೆ, ಚಳಿ ಎಷ್ಟೇ ಇರಲಿ ಆ ಮಜಾ ಹೋಯಿತು.

ಇನ್ನೊಂದು ವಿಷಯ ಬಹಳ ಜನ ನೋಡುವುದೇ ಇಲ್ಲ. ಬಿರುಗಾಳಿ ಬೆಚ್ಚಗೆ ಶುರುವಾಗಿ ಚಳಿಯಲ್ಲಿ ಮುಗಿದರೆ ಭಾರದ ಹಿಮ ಕೆಳಗೆ, ಹಗುರ ಹಿಮ ಮೇಲೆ. ಸ್ವರ್ಗ. ಚಳಿಯಲ್ಲಿ ಶುರುವಾಗಿ ಬೆಚ್ಚಗೆ ಮುಗಿದರೆ ತಲೆಕೆಳಗು. ಹಗುರ ಹಿಮದ ಮೇಲೆ ಭಾರದ ಹಿಮ ಕೂತಿರುತ್ತದೆ, ಸ್ಕೀ ತುದಿ ಒಳಗೆ ಹೊಕ್ಕು ನೀವು ಮುಂದಕ್ಕೆ ಮುಗ್ಗರಿಸುತ್ತೀರಿ. ಇಳಿಜಾರು ಕುಸಿಯುವ ಅಪಾಯವೂ ಜಾಸ್ತಿ. ಹಾಗಾಗಿ ಎಷ್ಟು ಸೆಂಟಿಮೀಟರ್ ಅಂತ ಕೇಳುವ ಮೊದಲು ಗಂಟೆ ಗಂಟೆಯ ಉಷ್ಣತೆಯ ಗೆರೆ ಮೇಲೆ ಹೋಗುತ್ತಿದೆಯೋ ಕೆಳಗೆ ಬರುತ್ತಿದೆಯೋ ನೋಡಿ. ಅಂಕಿ ನಂಬಿ ಗೆರೆ ನೋಡದೆ ಏಳು ಗಂಟೆ ಕಾರು ಓಡಿಸಿದ ನಾನು, ಬೆಟ್ಟದ ಬುಡದಲ್ಲಿ ಸ್ಕೀ ಬೂಟಿನೊಳಗೆ ಮಳೆ ನೀರು ತುಂಬಿಸಿಕೊಂಡು ನಿಂತಿದ್ದುಂಟು.

ಪ್ರಶ್ನೆ: ಈ ವರ್ಷ ಲಾ ನೀನಾ ಬಂದರೆ ಫೆಬ್ರವರಿಗೆ ಕಣ್ಣು ಮುಚ್ಚಿ ಬುಕ್ ಮಾಡಬಹುದೇ?

ಉತ್ತರ: ಲಾ ನೀನಾ ಅಂದರೆ ಪೆಸಿಫಿಕ್ ಸಾಗರದ ನಡುಭಾಗದ ನೀರು ಮಾಮೂಲಿಗಿಂತ ತಣ್ಣಗಾಗುವುದು. ಅದು ಹೇಳುವುದು ಇಡೀ ಚಳಿಗಾಲದ ಒಲವು. ನಿಮಗೆ ಬೇಕಿರುವುದು ಒಂದು ಶನಿವಾರ. ಕಣ್ಣು ಬಿಟ್ಟೇ ಇರಿ.

ಪ್ರಶ್ನೆ: ಗುಲ್ಮಾರ್ಗ್‌ಗೆ ಹೋಗುವವರು ಏನನ್ನು ನೋಡುತ್ತಿರಬೇಕು?

ಉತ್ತರ: ‘ಪಶ್ಚಿಮದ ಕ್ಷೋಭೆ’ ಅಂತ ಹವಾಮಾನ ವರದಿಯಲ್ಲಿ ಕೇಳಿರುತ್ತೀರಿ, ವೆಸ್ಟರ್ನ್ ಡಿಸ್ಟರ್ಬೆನ್ಸ್. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಪೂರ್ವಕ್ಕೆ ಬರುವ ಈ ವ್ಯವಸ್ಥೆಗಳೇ ಕಾಶ್ಮೀರಕ್ಕೆ ಚಳಿಗಾಲದ ಹಿಮ ತರುವುದು. ಅವು ಬರದಿದ್ದರೆ ಏನೂ ಇಲ್ಲ. 2024ರ ಜನವರಿಯ ಬಹುಭಾಗ ಗುಲ್ಮಾರ್ಗ್‌ನ ಇಳಿಜಾರು ಬೋಳಾಗಿತ್ತು, ತಿಂಗಳ ಕೊನೆಗೆ ಬಂತು ಹಿಮ. ಜನವರಿ ಅಂದಮೇಲೆ ಇದ್ದೇ ಇರುತ್ತದೆ ಅಂದುಕೊಂಡು ಹೋದವರು ಕಂದು ಹುಲ್ಲಿನ ಫೋಟೋ ತೆಗೆದುಕೊಂಡು ಬಂದರು.

ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಊರು ಇರುವುದು ಸುಮಾರು 2,650 ಮೀಟರ್‌ನಲ್ಲಿ, ಗೊಂಡೋಲಾದ, ಅಂದರೆ ಕೇಬಲ್ ಕಾರಿನ, ಎರಡನೇ ಹಂತ ಬಿಡುವುದು 3,900 ಮೀಟರ್‌ಗೂ ಮೇಲೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ, ಅಂದರೆ ಮೇಲೆ ಸುಮಾರು ಎಂಟು ಡಿಗ್ರಿ ಜಾಸ್ತಿ ಚಳಿ. ಕೆಳಗೆ ಜಿನುಗು ಮಳೆ ಬರುತ್ತಿದ್ದರೂ ಮೇಲೆ ಒಳ್ಳೆಯ ಪೌಡರ್, ಅಂದರೆ ಒಣ ಹಗುರ ಹಿಮ, ಬೀಳುತ್ತಿರಬಹುದು. ಆ್ಯಪ್ ಯಾವ ಎತ್ತರದ ಲೆಕ್ಕ ಕೊಡುತ್ತಿದೆ ಅಂತ ಮೊದಲು ನೋಡಿಕೊಳ್ಳಿ.

ಪ್ರಶ್ನೆ: ರೆಸಾರ್ಟ್‌ನವರು 30 ಸೆಂಟಿಮೀಟರ್ ಹೊಸ ಹಿಮ ಅಂದರು. ನಾನು ಸ್ಕೀ ಕೋಲು ಚುಚ್ಚಿ ನೋಡಿದೆ, 15 ಕೂಡ ಇರಲಿಲ್ಲ. ಸುಳ್ಳಾ?

ಉತ್ತರ: ಇರಬಹುದು, ಇಲ್ಲದೆಯೂ ಇರಬಹುದು. ಹಿಮ ಅಳೆಯುವುದು ಬಿಳಿ ಹಲಗೆಯ ಮೇಲೆ. ಬಿದ್ದ ಹಿಮ ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ. ಆರಾರು ಗಂಟೆಗೊಮ್ಮೆ ಅಳೆದು, ಹಲಗೆ ಒರೆಸಿ, ಕೊನೆಗೆ ಕೂಡಿಸಿದರೆ ಬರುವ ಮೊತ್ತ, 24 ಗಂಟೆಗೆ ಒಂದೇ ಸಲ ಅಳೆದದ್ದಕ್ಕಿಂತ ಜಾಸ್ತಿ. ಜೊತೆಗೆ ಹಲಗೆ ಇಟ್ಟಿರುವುದು ಮೇಲೆ, ಗಾಳಿ ತಾಗದ ಮರೆಯಲ್ಲಿ. ನೀವು ಕೋಲು ಚುಚ್ಚಿದ್ದು ಗಾಳಿ ಗುಡಿಸಿದ ದಿಣ್ಣೆಯ ಮೇಲೆ ಇದ್ದಿರಬಹುದು.

ಆದರೂ ನಿಮ್ಮ ಅನುಮಾನ ತೀರಾ ಸುಮ್ನೆ ಅಲ್ಲ. ಡಾರ್ಟ್‌ಮತ್ ಕಾಲೇಜಿನ ಅರ್ಥಶಾಸ್ತ್ರಜ್ಞರಾದ ಜೊನಾಥನ್ ಜಿನ್ಮನ್ ಮತ್ತು ಎರಿಕ್ ಜಿಟ್ಜೆವಿಟ್ಜ್ ರೆಸಾರ್ಟ್‌ಗಳ ವರದಿಗಳನ್ನು ಕೂಡಿಹಾಕಿ 2009ರಲ್ಲಿ ತೋರಿಸಿದ್ದು ಇದು: ವಾರಾಂತ್ಯದಲ್ಲಿ ಹೇಳುವ ಹೊಸ ಹಿಮ ವಾರದ ದಿನಗಳಿಗಿಂತ 23 ಶೇಕಡ ಜಾಸ್ತಿ. ಮೋಡಕ್ಕೆ ಶನಿವಾರ ಅಂತ ಗೊತ್ತಾಗುತ್ತದೆಯೇ! ಸ್ಕೀ ಮಾಡುವವರು ಬೆಟ್ಟದಿಂದಲೇ ಐಫೋನ್‌ನಲ್ಲಿ ‘ಇಲ್ಲಿ ಇಷ್ಟಿಲ್ಲ’ ಅಂತ ಬರೆಯಲು ಶುರುಮಾಡಿದ ಮೇಲೆ ಈ ಉಬ್ಬರ ಇಳಿಯಿತಂತೆ. ಈಗ ಬಹಳ ಕಡೆ ಅಳತೆ ಕೋಲಿನ ಎದುರು ಕ್ಯಾಮೆರಾ ಇಟ್ಟಿದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದು ವರದಿ ಓದುವ ಬದಲು ಆ ಕೋಲು ನೋಡಿ.

ಪ್ರಶ್ನೆ: ನಾಳೆ ದೊಡ್ಡ ಬಿರುಗಾಳಿ. ನಮ್ಮ ಯಜಮಾನ್ರು ಈ ರಾತ್ರಿಯೇ ಹೊರಡೋಣ ಅಂತಾರೆ, ನಾನು ಮುಗಿದ ಮೇಲೆ ಹೋಗೋಣ ಅಂತೀನಿ. ಯಾರು ಸರಿ?

ಉತ್ತರ: ಗಂಡ ಹೆಂಡಿರ ನಡುವೆ ನನ್ನನ್ನು ನಿಲ್ಲಿಸುತ್ತೀರಲ್ಲ! ಈ ರಾತ್ರಿ ರಸ್ತೆಯಲ್ಲಿ ಹಿಮ ಬೀಳಲು ಶುರುವಾಗುವ ಮುಂಚೆ ತಲುಪಿ ಮಲಗುವ ಹಾಗಿದ್ದರೆ ಯಜಮಾನ್ರು ಸರಿ. ಬಿರುಗಾಳಿಯ ನಡುವೆ ಕಾರು ಓಡಿಸಬೇಕು ಅಂದರೆ ನೀವು ಸರಿ.

ಅಮೆರಿಕದ ಯೂಟಾದಲ್ಲಿ ಆಲ್ಟಾ ಅನ್ನುವ ಸ್ಕೀ ಊರಿದೆ, ಆ ಕಣಿವೆಗೆ ಇರುವುದು ಒಂದೇ ರಸ್ತೆ. ಹಿಮ ಕುಸಿಯುವ ಅಪಾಯ ಬಂದರೆ ರಸ್ತೆ ಮುಚ್ಚುತ್ತಾರೆ, ತೀರಾ ಜಾಸ್ತಿಯಾದರೆ ಕಟ್ಟಡದಿಂದ ಹೊರಗೆ ಕಾಲಿಡುವ ಹಾಗೂ ಇಲ್ಲ. 2021ರ ಫೆಬ್ರವರಿಯಲ್ಲಿ 60 ಗಂಟೆ ಹಾಗೆ ಕೂರಿಸಿದ್ದರು. ಆದರೆ ಬಾಗಿಲು ತೆಗೆದ ಮೇಲೆ, ಕೆಳಗಿನವರು ಬರುವ ಮುಂಚೆ, ಇಡೀ ಬೆಟ್ಟ ಒಳಗಿದ್ದವರದ್ದೇ. ನನಗಂತೂ ಆ ಸುದ್ದಿ ಓದಿ ಹೊಟ್ಟೆ ಉರಿದಿತ್ತು.

ಬಿರುಗಾಳಿಯ ದಿನ ಎತ್ತರದ ಲಿಫ್ಟ್‌ಗಳು ಗಾಳಿಗೆ ನಿಂತಿರುತ್ತವೆ, ಎದುರಿಗೆ ಏನೂ ಕಾಣುವುದಿಲ್ಲ, ಬಿಳಿ ಆಕಾಶ ಬಿಳಿ ನೆಲ ಒಂದೇ ಆಗಿರುತ್ತದೆ. ಆಗ ಮರಗಳ ಪಕ್ಕದ ಇಳಿಜಾರೇ ವಾಸಿ, ಕಣ್ಣಿಗೆ ಹಿಡಿತ ಸಿಗುತ್ತದೆ. ಮರದ ಬುಡಕ್ಕೆ ಮಾತ್ರ ಹೋಗಬೇಡಿ. ಕೊಂಬೆಯ ಕೆಳಗೆ ಸಡಿಲ ಹಿಮದ ಗುಂಡಿ ಇರುತ್ತದೆ, ತಲೆಕೆಳಗಾಗಿ ಬಿದ್ದರೆ ಒಬ್ಬರೇ ಎದ್ದು ಬರುವುದು ಕಷ್ಟ. ಜೋಡಿಯಾಗಿಯೇ ಇರಿ, ಜಗಳ ಆಮೇಲೆ ಆಡಬಹುದು.

ಮಾರನೇ ದಿನ ನೀಲಿ ಆಕಾಶ ಕಂಡಾಗ ಯಜಮಾನ್ರು ರೆಸಾರ್ಟ್‌ನ ಗಡಿಗೆ ಕಟ್ಟಿದ ಹಗ್ಗದ ಆಚೆ ಹೋಗೋಣ ಅಂದರೆ ಮಾತ್ರ ತಡೆಯಿರಿ. ಹೊಸ ಹಿಮ ಬಿದ್ದ ಮೊದಲ ಒಂದೆರಡು ದಿನವೇ ಹಿಮಕುಸಿತದ ಅಪಾಯ ಜಾಸ್ತಿ, ಅದರಲ್ಲೂ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸಿಕ್ಕಿಬಿದ್ದವರಲ್ಲಿ ಬಹುಪಾಲು ಜನರ ಮೇಲೆ ಕುಸಿದದ್ದು ಅವರೋ ಅವರ ಜೊತೆಯವರೋ ತುಳಿದು ಎಬ್ಬಿಸಿದ ಹಿಮವೇ. ಅಪಾಯದ ಪಟ್ಟಿ 1ರಿಂದ 5. 3 ಅಂದರೆ ನಡುವಿನದ್ದು, ಪರವಾಗಿಲ್ಲ ಅಂದುಕೊಂಡು ಹೋಗಿ ಸತ್ತವರು ಬಹಳ. ಹಿಮಕುಸಿತದ ಮುನ್ಸೂಚನೆ ಬೇರೆಯೇ ಪುಟದಲ್ಲಿ ಬರುತ್ತದೆ. ಎಷ್ಟು ಹಿಮ ಬಿತ್ತು ಅಂತ ಹತ್ತು ಸಲ ನೋಡುವ ಯಜಮಾನ್ರಿಗೆ ಅದನ್ನೂ ಒಂದು ಸಲ ತೆಗೆದು ತೋರಿಸಿ.