ಗಾಡಿ ಡೌಟು: ಹಳೇ 800ಕ್ಕೆ ಯಾವ ಆಯಿಲ್ ಫಿಲ್ಟರ್ ಹಾಕ್ಲಿ?

ಪ್ರಶ್ನೆ: ಸರ್, ನಮ್ದು 1998ರ ಮಾರುತಿ 800, ಕಾರ್ಬ್ಯುರೇಟರ್ ಗಾಡಿ, ಅಪ್ಪ ತಗೊಂಡಿದ್ದು, ಈಗ್ಲೂ ದಿನಾ ಓಡ್ತಿದೆ. ಆಯಿಲ್ ಚೇಂಜ್‌ಗೆ ಅಂತ ಹೋದ್ರೆ ಅಂಗಡಿಯವ್ರು ನಾಲ್ಕು ಥರದ ಫಿಲ್ಟರ್ ಮುಂದೆ ಇಟ್ರು, ಕಮ್ಮಿದಕ್ಕೂ ಜಾಸ್ತಿದಕ್ಕೂ ರೇಟು ಮೂರು ಪಟ್ಟು ವ್ಯತ್ಯಾಸ. ಮೆಕ್ಯಾನಿಕ್ ಕೇಳಿದ್ರೆ ಯಾವ್ದಾದ್ರೂ ಹಾಕಿ, ಥ್ರೆಡ್ ಕೂತ್ರೆ ಸಾಕು ಅಂತಾನೆ. ಹೌದಾ? ಇನ್ನೊಂದು, ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಆಯಿಲ್ ಲೈಟ್ ಮೂರ್ನಾಲ್ಕು ಸೆಕೆಂಡ್ ಆರೋದೇ ಇಲ್ಲ, ಮೇಲಿಂದ ಟಕಟಕ ಸೌಂಡ್ ಬೇರೆ. (ಓದುಗರು, ತೀರ್ಥಹಳ್ಳಿ)

ಉತ್ತರ: ಥ್ರೆಡ್ ಕೂತ್ರೆ ಸಾಕು ಅನ್ನೋದೇ ಡೇಂಜರ್ ಮಾತು, ಯಾಕಂದ್ರೆ ಕೂತಂಗೆ ಕಾಣೋದೇ ಬೇರೆ ಕೂರೋದೇ ಬೇರೆ. ನಿಮ್ಮ 800ರಲ್ಲಿ ಫಿಲ್ಟರ್ ಕೂರೋ ಬೋಲ್ಟು 20 ಎಂಎಂ ದಪ್ಪ, 1.5 ಪಿಚ್ಚು (ಒಂದು ಸುತ್ತಿಂದ ಇನ್ನೊಂದಕ್ಕೆ 1.5 ಎಂಎಂ), ಅಂಗಡಿಯವ್ರು ಎಂ20 ಅಂತಾರೆ. ಟೊಯೊಟಾ ಥರದ ಎಷ್ಟೋ ಗಾಡಿಗಳದ್ದು ಮುಕ್ಕಾಲು ಇಂಚು, ಅಂದ್ರೆ 19 ಎಂಎಂ ಚಿಲ್ಲರೆ, ಇಂಚಿಗೆ 16 ಸುತ್ತು. ಆ ಫಿಲ್ಟರ್ ನಿಮ್ಮ ಬೋಲ್ಟಿಗೆ ಹತ್ತೋದೇ ಇಲ್ಲ, ಹಂಗಾಗಿ ನೀವು ಬಚಾವು. ಆದ್ರೆ ಉಲ್ಟಾ ಆದ್ರೆ, ನಿಮ್ಮ ಫಿಲ್ಟರ್ ತಗೊಂಡು ಹೋಗಿ ಮುಕ್ಕಾಲಿಂಚಿನ ಬೋಲ್ಟಿಗೆ ಹಾಕಿದ್ರೆ ಆರಾಮಾಗಿ ತಿರುಗುತ್ತೆ, ಟೈಟೂ ಆಗುತ್ತೆ, ಹೈವೇಲಿ ಪ್ರೆಷರ್ ಏರಿದಾಗ ಕಿತ್ಕೊಂಡು ಹೋಗಿ ಆಯಿಲ್ ಎಲ್ಲಾ ರೋಡಿಗೆ. ಮನೇಲಿ ಎರಡು ಗಾಡಿ ಇರೋರು ಇದನ್ನ ನೆನಪಿಟ್ಕೊಳ್ಳಿ. ಥ್ರೆಡ್ ಜೊತೆಗೆ ರಬ್ಬರ್ ರಿಂಗಿನ ಅಗಲನೂ ಹಳೇದರ ಪಕ್ಕ ಇಟ್ಟು ನೋಡ್ಬೇಕು, ಎಂಜಿನ್ ಮೇಲಿನ ನುಣುಪು ಜಾಗದ ಮೇಲೇ ಅದು ಪೂರ್ತಿ ಕೂರ್ಬೇಕು.

ಈಗ ಲೈಟಿನ ವಿಷ್ಯ, ನಿಮ್ಮ ಪ್ರಶ್ನೇಲಿ ನಂಗೆ ಮುಖ್ಯ ಅನ್ಸಿದ್ದು ಇದೇ. ಫಿಲ್ಟರ್ ತಿರುಗಿಸಿ ನೋಡಿ, ಸುತ್ತ ಸಣ್ಣ ತೂತುಗಳಿವೆ, ಮಧ್ಯೆ ಥ್ರೆಡ್ ಇರೋ ದೊಡ್ಡ ತೂತು. ಪಂಪಿಂದ ಆಯಿಲ್ ಸಣ್ಣ ತೂತಲ್ಲಿ ಒಳಗೆ ಹೋಗಿ, ಅಲ್ಲಿ ಕೊಳೆ ಸೋಸೋ ಪೇಪರ್‌ನ ಹೊರಗಡೆಯಿಂದ ಒಳಕ್ಕೆ ದಾಟಿ, ನಡುವಿನ ತೂತಲ್ಲಿ ಎಂಜಿನ್‌ಗೆ ಬರುತ್ತೆ. ಆ ಸಣ್ಣ ತೂತುಗಳ ಹಿಂದೆ ಒಂದು ರಬ್ಬರ್ ಬಿಲ್ಲೆ ಇರುತ್ತೆ, ಬೆಂಕಿಕಡ್ಡಿ ಹಾಕಿ ಒತ್ತಿದ್ರೆ ಮೆತ್ತಗೆ ಒಳಗೆ ಹೋಗಿ ವಾಪಸ್ ಬರ್ಬೇಕು. ಗಾಡಿ ನಿಂತಾಗ ಫಿಲ್ಟರ್ ಒಳಗಿನ ಆಯಿಲ್ ಕೆಳಗೆ ಸಂಪಿಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿದು ಹೋಗ್ದಂಗೆ ತಡಿಯೋದು ಈ ಬಿಲ್ಲೆ. ಅದು ಸರಿ ಇಲ್ದಿದ್ರೆ ರಾತ್ರಿಯೆಲ್ಲಾ ಇಳಿದು ಬೆಳಿಗ್ಗೆ ಫಿಲ್ಟರ್ ಖಾಲಿ, ಪಂಪು ಮೊದ್ಲು ಅದನ್ನ ತುಂಬಿಸ್ಬೇಕು ಆಮೇಲೆ ಮೇಲಕ್ಕೆ ಕಳಿಸ್ಬೇಕು, ಅಲ್ಲೀವರ್ಗೂ ಲೈಟು ಉರಿಯುತ್ತೆ, ವಾಲ್ವ್ ಕಡೆ ಟಕಟಕ. ಸಾಮಾನ್ಯವಾಗಿ ಕಪ್ಪು ಬಿಲ್ಲೆ ನೈಟ್ರೈಲ್ ರಬ್ಬರ್, ಬಿಸಿ ತಿಂದೂ ತಿಂದೂ ಹಪ್ಪಳದ ಥರ ಗಟ್ಟಿ ಆಗುತ್ತೆ. ಕೇಸರಿ ಅಥವಾ ಕೆಂಪು ಬಣ್ಣದ್ದು ಸಿಲಿಕೋನ್, ತುಂಬಾ ದಿನ ಮೆತ್ತಗಿರುತ್ತೆ. ಸ್ವಲ್ಪ ಜಾಸ್ತಿ ದುಡ್ಡು ಕೊಡೋದಾದ್ರೆ ಇದಕ್ಕೆ ಕೊಡಿ, ಡಬ್ಬದ ಮೇಲಿರೋ ರೇಸಿಂಗ್ ಸ್ಟಿಕ್ಕರ್‌ಗಲ್ಲ. ಪರೀಕ್ಷೆ ಸುಲಭ: ನಿಮ್ಮ ಗಾಡೀಲಿ ಫಿಲ್ಟರ್ ಅಡ್ಡಡ್ಡ ಕೂತಿದ್ರೆ, ರಾತ್ರಿ ನಿಂತ ಗಾಡಿಯಿಂದ ಬೆಳಿಗ್ಗೆ ಬಿಚ್ಚಿಸಿ, ಫಿಲ್ಟರ್ ಹಗುರವಾಗಿ ಖಾಲಿ ಬಂದ್ರೆ ಕಳ್ಳ ಅದೇ. ಆದ್ರೆ ಎಂಜಿನ್ ಬಿಸಿ ಆದ್ಮೇಲೆ, ಸಿಗ್ನಲ್‌ನಲ್ಲಿ ನಿಂತಾಗ ಲೈಟ್ ಮಿಣಮಿಣ ಅಂತಿದ್ರೆ ಫಿಲ್ಟರ್ ಮೇಲೆ ಹಾಕ್ಬೇಡಿ. ಮೊದ್ಲು ಡಿಪ್‌ಸ್ಟಿಕ್ ಎಳೆದು ಆಯಿಲ್ ಎಷ್ಟಿದೆ ನೋಡಿ, ಆಮೇಲೆ ಮೀಟರ್ ಹಾಕಿ ಪ್ರೆಷರ್ ಚೆಕ್ ಮಾಡ್ಸಿ, ಬೇರಿಂಗ್ ಅಥವಾ ಪಂಪ್ ಸವೆದಿರ್ಬೋದು.

ಒಳಗೆ ಇನ್ನೊಂದು ವಾಲ್ವಿದೆ, ಬೈಪಾಸ್. ಪೇಪರ್ ಕಟ್ಕೊಂಡ್ರೆ ಅಥವಾ ಚಳೀಲಿ ಆಯಿಲ್ ಗಟ್ಟಿ ಇದ್ರೆ ಅದು ಓಪನ್ ಆಗಿ ಫಿಲ್ಟರ್ ಆಗ್ದೇ ಇರೋ ಆಯಿಲ್‌ನೇ ಎಂಜಿನ್‌ಗೆ ಬಿಡುತ್ತೆ, ಆಯಿಲೇ ಇಲ್ದೆ ಸಾಯೋದಕ್ಕಿಂತ ಕೊಳೆ ಆಯಿಲ್ ವಾಸಿ ಅಂತ. ಅದಕ್ಕೇ ಹೇಳೋದು, ದುಬಾರಿ ಫಿಲ್ಟರ್ ಹಾಕಿ ಎರಡು ಆಯಿಲ್ ಚೇಂಜ್ ಓಡಿಸೋದ್ರಲ್ಲಿ ಏನೂ ಉಳಿತಾಯ ಇಲ್ಲ, ಕಟ್ಕೊಂಡ ಮೇಲೆ ಅದು ಫಿಲ್ಟರೇ ಅಲ್ಲ. ಸಾಧಾರಣ ಪೇಪರ್‌ದೇ ಇರ್ಲಿ, ಪ್ರತಿ ಆಯಿಲ್ ಚೇಂಜ್‌ಗೂ ಹೊಸದು. ಕಂಪನಿ ಪಾರ್ಟ್ ಸಿಕ್ರೆ ಅದೇ ಆಗ್ಬೋದು, ಇಲ್ಲಾ ಪ್ಯೂರೊಲೇಟರ್, ಎಲೋಫಿಕ್, ಬಾಷ್ ಯಾವ್ದಾದ್ರೂ ಆಗುತ್ತೆ, 800 ತಯಾರಿ ನಿಂತಿದ್ದು 2014ರಲ್ಲಾದ್ರೂ ಫಿಲ್ಟರ್‌ಗೇನೂ ಬರ ಇಲ್ಲ. ಬರ ಇರೋದು ಅಸಲಿ ಮಾಲಿಗೆ. ಬೆಂಗಳೂರು ಜೆ.ಸಿ. ರೋಡಿಂದ ತರಿಸಿದ್ರೂ ಸರಿ ಊರಲ್ಲೇ ತಗೊಂಡ್ರೂ ಸರಿ ಬಿಲ್ ಕೇಳಿ. ಬಿಲ್ ಕೊಡಕ್ಕೆ ಹಿಂದೆ ಮುಂದೆ ನೋಡಿದ್ರೆ ಅಲ್ಲಿಂದ ಎದ್ದು ಬನ್ನಿ.

ಹಾಕೋವಾಗ ಪಕ್ಕದಲ್ಲೇ ನಿಂತು ಒಂದು ಮಾತ್ರ ನೋಡಿ: ಹಳೇ ಫಿಲ್ಟರ್ ಜೊತೆ ಅದರ ರಬ್ಬರ್ ರಿಂಗೂ ಬಂತಾ ಅಂತ. ಅದು ಎಂಜಿನ್‌ಗೇ ಅಂಟ್ಕೊಂಡಿದ್ದು ಅದರ ಮೇಲೇ ಹೊಸದು ಹಾಕಿದ್ರೆ ಸ್ಟಾರ್ಟ್ ಮಾಡಿದ ಕೂಡ್ಲೇ ಕೆಳಗೆ ಆಯಿಲ್ ಹೊಳೆ. ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು, ಸಾಕು. ಸ್ಪ್ಯಾನರ್ ಬಿಚ್ಚೋಕೆ ಮಾತ್ರ.

ಪ್ರಶ್ನೆ: ನಂದು ಹಳೇ ಕಾಸ್ಟ್ ಐರನ್ ಬುಲೆಟ್ 350. ಮೆಕ್ಯಾನಿಕ್ ಫೆಲ್ಟ್ (ಒತ್ತಿದ ಉಣ್ಣೆ) ಫಿಲ್ಟರ್‌ನ ಪೆಟ್ರೋಲಲ್ಲಿ ತೊಳ್ದು ವಾಪಸ್ ಅದನ್ನೇ ಹಾಕ್ತಾನೆ, ನಡೆಯುತ್ತಾ? (ಓದುಗರು, ಹಾಸನ)

ಉತ್ತರ: ಹಿಂದೆ ಎಲ್ರೂ ಹಂಗೇ ಮಾಡ್ತಿದ್ರು, ಗಾಡಿಗಳೂ ಓಡಿವೆ. ಆದ್ರೆ ತೊಳೆದ್ರೆ ಹೋಗೋದು ಮೇಲಿನ ಕೊಳೆ, ಉಣ್ಣೆ ಒಳಗೆ ಸಿಕ್ಕಿರೋ ಲೋಹದ ಪುಡಿ ಅಲ್ಲೇ ಇರುತ್ತೆ, ಆ ಫೆಲ್ಟಿಗೆ ಕೊಡೋ ದುಡ್ಡಿಗೆ ಇಷ್ಟು ಜಿಪುಣತನ ಯಾಕೆ? ಅದಕ್ಕಿಂತ ದೊಡ್ಡ ವಿಷ್ಯ ಹೇಳ್ತೀನಿ ಕೇಳಿ. ನಿಮ್ಮ ಬುಲೆಟ್ಟಲ್ಲಿ ಪಂಪಿಂದ ಬರೋ ಆಯಿಲ್ ಟೈಮಿಂಗ್ ಕವರ್‌ನಲ್ಲಿರೋ ಈ ಫಿಲ್ಟರ್ ಮನೆ ದಾಟಿ ಕ್ರ್ಯಾಂಕಿನ ಬಿಗ್ ಎಂಡಿಗೆ (ಪಿಸ್ಟನ್ ರಾಡು ಕ್ರ್ಯಾಂಕಿಗೆ ಸೇರೋ ಜಾಗ) ಹೋಗೋದು, ಅಲ್ಲಿರೋದು ರೋಲರ್ ಬೇರಿಂಗಲ್ಲ, ಬುಷ್ಷು, ಅಂದ್ರೆ ಬರೀ ಲೋಹದ ಬಳೆ. ಫಿಲ್ಟರ್ ಬಿಚ್ಚಿದಾಗ ಆ ಮನೆ ಖಾಲಿ ಆಗುತ್ತೆ, ಹಂಗೇ ಮುಚ್ಚಿ ಕಿಕ್ ಹೊಡೆದು ರೇಸ್ ಮಾಡಿದ್ರೆ ಬುಷ್ಷು ಒಣಗಿ ತಿರುಗುತ್ತೆ. ಹೊಸ ಫೆಲ್ಟನ್ನ ಆಯಿಲಲ್ಲಿ ನೆನೆಸಿ, ಆ ಜಾಗಕ್ಕೂ ಆಯಿಲ್ ತುಂಬಿ, ಕ್ಯಾಪ್ ಮುಚ್ಚಿ, ಡೀಕಂಪ್ರೆಸರ್ (ಎಂಜಿನ್ ಒಳಗಿನ ಒತ್ತಡ ಬಿಡೋ ಲಿವರ್) ಒತ್ತಿ ಹಿಡ್ಕೊಂಡು ಸುಮಾರು ಸಲ ಕಿಕ್ ತುಳಿದು ಆಮೇಲೆ ಸ್ಟಾರ್ಟ್ ಮಾಡಿ. ಸ್ಪ್ರಿಂಗೂ ವಾಷರೂ ಯಾವ ಆರ್ಡರ್‌ನಲ್ಲಿ ಬಂತು ಅಂತ ಬಿಚ್ಚೋವಾಗ್ಲೇ ಮೊಬೈಲಲ್ಲಿ ಫೋಟೋ ಹೊಡ್ಕೊಳ್ಳಿ.

ಪ್ರಶ್ನೆ: ಹಳೇ ಸ್ಪ್ಲೆಂಡರ್‌ಗೆ ಆಯಿಲ್ ಫಿಲ್ಟರ್ ಕೇಳಿದ್ರೆ ಅಂಗಡೀಲಿ ನಗ್ತಾರೆ, ಯಾಕೆ? (ಓದುಗರು, ಗದಗ)

ಉತ್ತರ: ಇಲ್ವಲ್ಲ ಸ್ವಾಮಿ, ಅದಕ್ಕೇ! ಅದ್ರಲ್ಲಿ ಬದಲಾಯಿಸೋ ಪೇಪರ್ ಫಿಲ್ಟರ್ ಇಲ್ಲ. ಒಂದು ಜಾಲರಿ ಇದೆ, ಜೊತೆಗೆ ಗಿರಗಿರ ತಿರುಗಿ ಕೊಳೆನ ಗೋಡೆಗೆ ಅಂಟಿಸೋ ರೋಟರ್ ಇದೆ, ಎರಡೂ ಕ್ಲಚ್ ಕವರ್ ಒಳಗೆ. ಕ್ಲಚ್ ಪ್ಲೇಟ್ ಹಾಕಿಸೋಕೆ ಬಿಚ್ಚಿದಾಗ ಎರಡನ್ನೂ ಕ್ಲೀನ್ ಮಾಡಿ ಅಂತ ಹೇಳಿ, ಹೇಳ್ದಿದ್ರೆ ಮಾಡಲ್ಲ. ಹೊಸ ಗ್ಯಾಸ್ಕೆಟ್ ತಂದಿಟ್ಕೊಳ್ಳಿ.

ಪ್ರಶ್ನೆ: ಇಪ್ಪತ್ತು ವರ್ಷದ ಕಾರಿಗೆ ಇಷ್ಟು ದಿನ ಮಿನರಲ್ ಆಯಿಲ್, ಈಗ ಸಿಂಥೆಟಿಕ್ ಹಾಕಿದ್ರೆ ಫಿಲ್ಟರೂ ಬೇರೆ ಬೇಕಾ? (ಓದುಗರು, ಮೈಸೂರು)

ಉತ್ತರ: ಬೇರೆ ಬೇಡ, ಅದೇ ಸೈಜು, ಅದೇ ಫಿಲ್ಟರ್. ಆದ್ರೆ ಹೊಸ ಆಯಿಲಲ್ಲಿರೋ ಡಿಟರ್ಜೆಂಟ್ ವರ್ಷಗಳಿಂದ ಕೂತಿರೋ ಕೆಸರನ್ನ ಸಡಿಲ ಮಾಡ್ಬೋದು, ಅದೆಲ್ಲಾ ಬಂದು ಸೇರೋದು ಫಿಲ್ಟರ್‌ಗೆ. ನಾನಾಗಿದ್ರೆ ಮೊದಲ್ನೇ ಸಲ ಎರಡು ಸಾವಿರ ಕಿಲೋಮೀಟರ್‌ಗೇ ಫಿಲ್ಟರ್ ಬದಲಾಯಿಸಿ, ಕಮ್ಮಿ ಆದಷ್ಟು ಆಯಿಲ್ ಟಾಪ್ ಅಪ್ ಮಾಡಿ, ಆಮೇಲೆ ಮಾಮೂಲಿ ಲೆಕ್ಕಕ್ಕೆ ಬರ್ತೀನಿ.